ಮಲ್ಪೆಯಲ್ಲಿ ಎರಡು ದಿನ ಕೂತೆ, ಕಾಗೆ ಗರುಡ ಬಿಟ್ಟರೆ ಏನೂ ಇಲ್ಲ. ಕಡಲ ಹಕ್ಕಿ ನೋಡುವುದು ಎಲ್ಲಿ, ಯಾವಾಗ?

ಕೆರೆದಂಡೆ

ನಮಸ್ಕಾರ. ನಾನು ದಾವಣಗೆರೆ ಕಡೆಯವನು. ಹಕ್ಕಿ ನೋಡಲು ಶುರು ಮಾಡಿ ಆರು ವರ್ಷ ಆಯಿತು, ಆದರೆ ಇಷ್ಟು ದಿನ ನೋಡಿದ್ದೆಲ್ಲ ಕೆರೆ ಹಕ್ಕಿ. ಕೊಂಡಜ್ಜಿ ಕೆರೆ, ಸೂಳೆಕೆರೆ, ಚಳಿಗಾಲದಲ್ಲಿ ಒಂದು ಸಲ ಗದಗದ ಕಡೆ ಮಾಗಡಿ ಕೆರೆಗೆ ಹೋಗಿ ಪಟ್ಟೆತಲೆ ಹೆಬ್ಬಾತು ನೋಡಿ ಬರುವುದು, ಅಷ್ಟೇ. ಈ ಸಲ ಸಮುದ್ರದ ಕಡೆ ಹೋಗೋಣ ಅನ್ನಿಸಿತು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕಡಲ ಹಕ್ಕಿಗಳು ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತವೆ, ದಂಡೆಯ ಮೇಲೆ ಕುರ್ಚಿ ಹಾಕಿ ಕೂತರೆ ಸಾಕು, ಸಾಲು ಸಾಲಾಗಿ ಕಾಣುತ್ತವೆ ಅಂತ ಇಂಗ್ಲೆಂಡಿನ ಕಡೆಯವರು ಮಾಡಿದ ವಿಡಿಯೋ ನೋಡಿದ್ದೆ.

ಅಕ್ಟೋಬರ್ ಮೊದಲ ಶನಿವಾರ, ಭಾನುವಾರ ಮಲ್ಪೆ ಬೀಚಿಗೆ ಹೋದೆ. ಬೆಳಿಗ್ಗೆ ತಿಂಡಿ ಮುಗಿಸಿ ಒಂಬತ್ತೂವರೆಗೆ ಕೂತರೆ ಮಧ್ಯಾಹ್ನ ಊಟಕ್ಕೆ ಎದ್ದೆ, ಮತ್ತೆ ಮೂರರಿಂದ ಸೂರ್ಯ ಮುಳುಗುವವರೆಗೆ ಕೂತೆ. ಹತ್ತು ಪಟ್ಟಿನ ಬೈನಾಕ್ಯುಲರ್ ಇದೆ. ಕಂಡಿದ್ದು ಕಾಗೆ, ಗರುಡ, ಕರಿ ಹದ್ದು, ಒಂದು ಬೆಳ್ಳಕ್ಕಿ. ದೂರದಲ್ಲಿ ಬಿಳಿ ಚುಕ್ಕೆ ಥರ ಏನೋ ನಾಲ್ಕೈದು ಹೋದವು, ಅದು ಟರ್ನ್ ಅನ್ನುವ ಕಡಲ ಹಕ್ಕಿ ಇರಬಹುದು, ಪ್ಲಾಸ್ಟಿಕ್ ಚೀಲ ಇದ್ದರೂ ಇರಬಹುದು. ಪಕ್ಕದಲ್ಲಿ ಗಾಳಿಕೊಡೆ ಹಾರಿಸುವವರು, ನೀರಿನ ಸ್ಕೂಟರ್‌ನವರು. ಒಬ್ಬರು ಬಂದು "ಸಾರ್ ಏನು ಸರ್ವೆ ಮಾಡ್ತಾ ಇದ್ದೀರಾ" ಅಂತ ಬೇರೆ ಕೇಳಿದರು.

ನಮ್ಮ ಕರಾವಳಿಯಲ್ಲಿ ಹಾಗೆ ವಲಸೆ ಕಾಣುವುದೇ ಇಲ್ಲವಾ, ಅಥವಾ ನಾನು ಏನೋ ತಪ್ಪು ಮಾಡಿದೆನಾ? ಸ್ಕೋಪ್ (ದೂರದರ್ಶಕ) ಕೊಳ್ಳಬೇಕಾ? ಬೋಟಿನಲ್ಲಿ ಹೋಗಲೇಬೇಕಾ?

ಕಾಪು ದೀಪ

ತಪ್ಪು ಮಾಡಿದ್ದು ನಿಜ, ಆದರೆ ಮೊದಲ ಸಲ ಎಲ್ಲರೂ ಮಾಡುವ ತಪ್ಪೇ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಬೆಳಕಿನ ವಿಷಯ, ಅದು ತುಂಬ ಮುಖ್ಯ. ನಮ್ಮ ಸಮುದ್ರ ಪಡುವಣಕ್ಕೆ ಇದೆ. ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನ ಹಿಂದೆ, ತೆಂಗಿನ ತೋಟದ ಮೇಲಿಂದ ಬರುತ್ತಾನೆ. ಆಗ ನೀರಿನ ಮೇಲಿನ ಪ್ರತಿ ಹಕ್ಕಿಯ ಕೊಕ್ಕಿನ ಬಣ್ಣವೂ ಕಾಣುತ್ತದೆ. ಮೂರು ಗಂಟೆ ಮೇಲೆ ಕೂತರೆ ಇಡೀ ಸಮುದ್ರ ತಗಡಿನ ಹಾಗೆ ಹೊಳೆಯುತ್ತದೆ, ಎಲ್ಲ ಹಕ್ಕಿಯೂ ಕಪ್ಪು. ನೀವು ಒಳ್ಳೆ ಬೆಳಕಿನ ಹೊತ್ತಿನಲ್ಲಿ ತಿಂಡಿ ತಿಂದಿರಿ, ಕೆಟ್ಟ ಬೆಳಕಿನಲ್ಲಿ ಮೂರು ಗಂಟೆ ಕೂತಿರಿ. ಆರೂವರೆಗೆ ಕೂತು ಹತ್ತಕ್ಕೆ ಎದ್ದುಬಿಡಿ. ತಿಂಡಿ ಆಮೇಲೆ.

ಇದರಲ್ಲಿ ಒಂದು ಪೇಚಾಟವೂ ಉಂಟು ಮಾರಾಯ್ರೇ. ಮಳೆ ಹಿಂದೆ ಸರಿದ ಮೇಲೆ ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಅಂದರೆ ಹಕ್ಕಿಗಳಿಗೆ ದಂಡೆಗೆ ಬರುವ ಅಗತ್ಯವೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಏಳುತ್ತದೆ, ಹಕ್ಕಿ ಸ್ವಲ್ಪ ಹತ್ತಿರ ಬರುತ್ತದೆ, ಆದರೆ ಬೆಳಕು ಹೋಗಿರುತ್ತದೆ. ಹಾಗಾಗಿ ನಾನು ಕಾಯುವುದು ಬೆಳಿಗ್ಗೆಯೇ ಪಡು ಗಾಳಿ ಇರುವ ದಿನಕ್ಕೆ. ಅದು ಸಿಗುವುದು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಮಳೆಗಾಲದ ಬಾಲದಲ್ಲಿ. ಇಲ್ಲವಾದರೆ ಅಕ್ಟೋಬರ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂದಾಗ. ಮೋಡ ಇದ್ದರಂತೂ ದಿನವಿಡೀ ಬೆಳಕು ಒಂದೇ ಥರ, ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ನೀವು ಬಂದ ಎರಡು ದಿನ ಸಮುದ್ರ ಕೆರೆಯ ಹಾಗೆ ಇತ್ತು, ನಾನೂ ಶನಿವಾರ ಹೋಗಿದ್ದೆ, ಒಂದು ಗಂಟೆಯಲ್ಲಿ ಎದ್ದು ಬಂದೆ.

ಇನ್ನು ಇಂಗ್ಲೆಂಡಿನ ವಿಡಿಯೋ ಮರೆತುಬಿಡಿ. ಅವರ ಶರತ್ಕಾಲದಲ್ಲಿ ಹಕ್ಕಿ ಒಂದೇ ದಿಕ್ಕಿಗೆ ಹೋಗುವ ಹಾಗೆ ಕಾಣುತ್ತದೆ. ನಮ್ಮಲ್ಲಿ ಎರಡೂ ಕಡೆಯ ಟ್ರಾಫಿಕ್. ಆರ್ಕ್ಟಿಕ್ ಕಡೆ ಮರಿ ಮಾಡಿದ ಜೇಗರ್ (ಬೇರೆ ಹಕ್ಕಿಯ ಮೀನು ಕಸಿಯುವ ಕಡಲ ಹಕ್ಕಿ), ಕೆಂಪು ಕುತ್ತಿಗೆಯ ಫಲರೋಪ್ ಇವೆಲ್ಲ ಉತ್ತರದಿಂದ ಇಳಿದು ಬರುವ ಹೊತ್ತಿಗೇ, ದಕ್ಷಿಣದಿಂದ ಬಂದು ನಮ್ಮ ಮಳೆಗಾಲವನ್ನು ಅರಬ್ಬಿ ಸಮುದ್ರದಲ್ಲಿ ಕಳೆದ ಹಕ್ಕಿಗಳು ವಾಪಸ್ ಹೊರಡುತ್ತವೆ. ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಮರಿ ಮಾಡುವುದು ಅಂಟಾರ್ಟಿಕಾದಲ್ಲಿ. ಅಂಗೈಯಲ್ಲಿ ಹಿಡಿಯುವಷ್ಟು ಹಕ್ಕಿ, ನೀರಿನ ಮೇಲೆ ಕಾಲು ತಾಗಿಸುತ್ತಾ ನಡೆದ ಹಾಗೆ ಹಾರುತ್ತದೆ. ಫ್ಲೆಶ್ ಫೂಟೆಡ್ ಶಿಯರ್‌ವಾಟರ್ ಆಸ್ಟ್ರೇಲಿಯಾದ ದಕ್ಷಿಣದ ದ್ವೀಪಗಳ ಕಡೆಯದು. ಇವಕ್ಕೆ ನಮ್ಮ ಮಳೆಗಾಲ ಅಂದರೆ ರಜೆ, ಅಕ್ಟೋಬರ್ ಅಂದರೆ ಶಾಲೆ ಶುರು.

ಗಲ್ (ಸೀಗಲ್ ಅನ್ನುತ್ತಾರಲ್ಲ, ಅದು) ನೋಡಬೇಕು ಅಂತಿದ್ದರೆ ನೀವು ಬಂದದ್ದು ಬೇಗ ಆಯಿತು. ಅಕ್ಟೋಬರ್‌ನಲ್ಲಿ ಅಲ್ಲೊಂದು ಇಲ್ಲೊಂದು, ಗುಂಪು ಸೇರುವುದು ನವೆಂಬರ್ ಮೇಲೆ. ಟರ್ನ್‌ಗೆ ಈಗಲೇ ಸರಿಯಾದ ಕಾಲ.

ಜಾಗ ಅಂದರೆ ನನ್ನ ಮಟ್ಟಿಗೆ ಎರಡು. ಕಾಪುವಿನ ದೀಪಸ್ತಂಭದ ಬಂಡೆ, ಅದು 1901ರ ದೀಪಸ್ತಂಭ, ಬಂಡೆ ಸಮುದ್ರದೊಳಗೆ ಚಾಚಿಕೊಂಡಿದೆ, ಸ್ವಲ್ಪ ಎತ್ತರವೂ ಸಿಗುತ್ತದೆ. ಎತ್ತರ ಬೇಕೇ ಬೇಕು, ಮರಳಿನ ಮೇಲೆ ಕೂತರೆ ಅಲೆಯ ಹಿಂದೆ ಹಕ್ಕಿ ಅಡಗುತ್ತದೆ. ಇನ್ನೊಂದು ಕೋಡಿ ಬೆಂಗ್ರೆ, ಸ್ವರ್ಣಾ ಮತ್ತು ಸೀತಾ ನದಿ ಸಮುದ್ರ ಸೇರುವ ಅಳಿವೆ. ಮಲ್ಪೆಯಿಂದ ಕೆಮ್ಮಣ್ಣು, ಹೂಡೆ ದಾಟಿ ರಸ್ತೆ ಮುಗಿಯುವವರೆಗೆ ಹೋಗಿ. ಅಳಿವೆಗೆ ಮಾತ್ರ ಭರತದ (ಉಬ್ಬರದ) ಲೆಕ್ಕ ನೋಡಿಕೊಂಡು ಹೋಗಬೇಕು. ನೀರು ಇಳಿದಾಗ ಹಕ್ಕಿಗಳು ಮೈಲಿಗಟ್ಟಲೆ ಚದುರಿ ಹೋಗುತ್ತವೆ, ಏರುವಾಗ ಜಾಗ ಕಡಿಮೆಯಾಗಿ ಒಂದೇ ಮರಳದಿಬ್ಬದ ಮೇಲೆ ಒತ್ತಿಕೊಂಡು ಕೂರುತ್ತವೆ. ಭರತ ತುಂಬುವ ಎರಡು ಗಂಟೆ ಮೊದಲು ಅಲ್ಲಿರಿ. ಹತ್ತಿರ ಹೋಗಿ ಎಬ್ಬಿಸಬೇಡಿ, ನಾಯಿಗಳು ಆ ಕೆಲಸ ಸಾಕಷ್ಟು ಮಾಡುತ್ತವೆ.

ಟರ್ನ್ ಕೂತಿದ್ದರೆ ಕೊಕ್ಕು ನೋಡಿ. ಕಿತ್ತಳೆ ಬಣ್ಣ ಇದ್ದರೆ ಲೆಸ್ಸರ್ ಕ್ರೆಸ್ಟೆಡ್. ನಿಂಬೆ ಹಳದಿ, ಮೈಯೂ ದೊಡ್ಡದು ಅಂದರೆ ಗ್ರೇಟರ್ ಕ್ರೆಸ್ಟೆಡ್. ಕಪ್ಪು ಕೊಕ್ಕು, ತುದಿಗೆ ಮಾತ್ರ ಹಳದಿ ಅದ್ದಿದ ಹಾಗಿದ್ದರೆ ಸ್ಯಾಂಡ್ವಿಚ್. ಕಪ್ಪು ಮತ್ತು ಗಿಡ್ಡ ದಪ್ಪ ಆದರೆ ಗಲ್ ಬಿಲ್ಡ್. ಕ್ಯಾರೆಟ್ ಕಚ್ಚಿಕೊಂಡ ಹಾಗೆ ದಪ್ಪ ಕೆಂಪು ಕೊಕ್ಕಿನ ದೊಡ್ಡ ಹಕ್ಕಿ ಕಂಡರೆ ಕ್ಯಾಸ್ಪಿಯನ್. ಮೊದಲ ವರ್ಷ ಇಷ್ಟು ಸಾಕು.

ಸ್ಕೋಪ್ ಈಗಲೇ ಬೇಡ. ಆದರೆ ಹತ್ತು ಪಟ್ಟಿನದು ಗಾಳಿಯಲ್ಲಿ ಕೈ ನಡುಗಿಸುತ್ತದೆ, ನಾನು ಎಂಟು ಪಟ್ಟಿನದು (8x42) ಬಳಸುವುದು.

ಬೋಟ್ ಮನೆ

ನಮ್ಮದು ಮೀನುಗಾರಿಕೆ ಮನೆ, ಅಪ್ಪ ಪರ್ಸೀನ್ (ಸುತ್ತುಬಲೆ) ಬೋಟಿನಲ್ಲಿ ತಂಡೇಲ (ಬೋಟು ನಡೆಸುವವರು) ಆಗಿದ್ದವರು, ನಾನೂ ಎಂಟು ವರ್ಷ ಹೋಗಿದ್ದೇನೆ. ಹಕ್ಕಿ ಹೆಸರು ನನಗೆ ಅಷ್ಟು ಗೊತ್ತಿಲ್ಲ, ನಾವು ಎಲ್ಲದಕ್ಕೂ ಕಡಲ ಹಕ್ಕಿ ಅಂತಲೇ ಹೇಳುವುದು. ಆದರೆ ಹಕ್ಕಿ ಎಲ್ಲಿರುತ್ತದೆ ಅಂತ ಗೊತ್ತು, ಯಾಕೆಂದರೆ ನಮಗೆ ಮೀನು ತೋರಿಸುವುದೇ ಅದು. ಈಗ ಫಿಶ್ ಫೈಂಡರ್, ಸೋನಾರ್ ಎಲ್ಲ ಬಂದಿದೆ, ಆದರೂ ದೂರದಲ್ಲಿ ಬಿಳಿ ಹಕ್ಕಿ ಮುಳುಗಿ ಏಳುವುದು ಕಂಡರೆ ಅಪ್ಪ ಮೊದಲು ಆ ಕಡೆ ತಿರುಗಿಸುತ್ತಿದ್ದರು. ಕೆಳಗೆ ಬಂಗುಡೆಯೋ ಬೂತಾಯಿಯೋ ಇರುತ್ತದೆ. ಹಕ್ಕಿ ಸುಮ್ನೆ ಮೇಲೆ ಮೇಲೆ ಸುತ್ತುತ್ತಿದ್ದರೆ ಮೀನು ಆಳದಲ್ಲಿದೆ, ನೀರಿಗೆ ಬೀಳುತ್ತಿದ್ದರೆ ಮೇಲೆ ಬಂದಿದೆ. ನೀವೂ ಹಾಗೇ ಹುಡುಕಿ, ಖಾಲಿ ಸಮುದ್ರ ನೋಡಬೇಡಿ, ಬೋಟು ನೋಡಿ. ಬಲೆ ಎಳೆಯುವ ಬೋಟಿನ ಹಿಂದೆ ಹಕ್ಕಿ ಇಲ್ಲದೆ ಇರುವುದಿಲ್ಲ.

ಜೂನ್ ಒಂದರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟಿಗೆ ರಜೆ, ಆ 61 ದಿನ ದಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆಯಲ್ಲಿ) ಏನೂ ಇಲ್ಲ. ಆಗಸ್ಟ್‌ನಲ್ಲಿ ಶುರುವಾದರೂ ಕಡಲು ತಣ್ಣಗಾಗಬೇಕು. ಸೆಪ್ಟೆಂಬರ್ ಮೇಲೆ ದಕ್ಕೆ ತುಂಬುತ್ತದೆ. ನೀವು ಬೀಚಿನಲ್ಲಿ ಕೂತಿರಿ, ಅದರ ಪಕ್ಕದಲ್ಲೇ ಬಂದರು ಇತ್ತು! ಬೆಳಿಗ್ಗೆ ಐದೂವರೆಗೆ ಬಂದು ನೋಡಬೇಕಿತ್ತು. ಇನ್ನೊಂದು, ಪಡುಕೆರೆ ಕಡೆ ಕೈರಂಪಣಿ (ದಂಡೆಯಿಂದ ಕೈಯಲ್ಲೇ ಎಳೆಯುವ ದೊಡ್ಡ ಬಲೆ) ಎಳೆಯುವ ದಿನ ಹೋಗಿ. ಬಲೆ ದಂಡೆಗೆ ಬರುವ ಹೊತ್ತಿಗೆ ಹಕ್ಕಿ ತಲೆಯ ಮೇಲೇ ಇರುತ್ತದೆ, ಬೈನಾಕ್ಯುಲರ್ ಕೂಡ ಬೇಡ. ಹಗ್ಗ ಹಿಡಿದು ಎಳೆದರೆ ಒಂದು ಪಾಲು ಮೀನೂ ಕೊಡುತ್ತಾರೆ.

ಬೋಟಿನಲ್ಲಿ ಹೋಗುವ ಬಗ್ಗೆ ಒಂದು ಮಾತು. ಮೀನಿನ ಬೋಟಿನವರಿಗೆ ದುಡ್ಡು ಕೊಟ್ಟು ಹತ್ತಿಬಿಡುವುದು ಅಂತ ಕೆಲವರು ಬರೆಯುತ್ತಾರೆ. ಹಾಗೆಲ್ಲ ಆಗುವುದಿಲ್ಲ. ಬೋಟಿನಲ್ಲಿ ಇರುವವರ ಗುರುತಿನ ಚೀಟಿ ನೋಡುತ್ತಾರೆ, ಸಿಕ್ಕಿಬಿದ್ದರೆ ತೊಂದರೆ ಬೋಟಿನವರಿಗೆ, ನಿಮಗಲ್ಲ. ಮೇಲಿಂದ ಟ್ರಾಲ್ ಬೋಟು ಹೋದರೆ ಕೆಲವು ಸಲ ಹತ್ತು ದಿನ ಬರುವುದಿಲ್ಲ. ಪ್ರವಾಸಿ ಬೋಟನ್ನು ನಾಲ್ಕೈದು ಜನ ಸೇರಿ ಬಾಡಿಗೆ ಮಾಡಿ, ಲೈಫ್ ಜಾಕೆಟ್ ಹಾಕಿ, ಕಡಲ ಮುನ್ಸೂಚನೆ ಕೊಡುವ ಸರ್ಕಾರಿ ಸಂಸ್ಥೆ ಇನ್ಕಾಯ್ಸ್‌ನವರ ಅಲೆಯ ಎಚ್ಚರಿಕೆ ನೋಡಿಕೊಂಡು ಹೋಗಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಎಣ್ಣೆ ತಿಂಡಿ ತಿಂದೂ ಹೋಗಬೇಡಿ. ಘಟ್ಟದ ಮೇಲಿನವರು ಮೊದಲ ಅರ್ಧ ಗಂಟೆಯಲ್ಲೇ ವಾಂತಿ ಮಾಡುವುದು ನಾನು ಎಷ್ಟೋ ನೋಡಿದ್ದೇನೆ.

ಕಗ್ಗದ ಗದ್ದೆ

ಉಡುಪಿಯವರು ಉಡುಪಿಯದ್ದೇ ಹೇಳುತ್ತಾರೆ ಬಿಡಿ :) ದಾವಣಗೆರೆಯಿಂದ ಬರುವವರಿಗೆ ನಮ್ಮ ಕುಮಟಾ ಏನು ದೂರ ಅಲ್ಲ. ಅಘನಾಶಿನಿ ಅಳಿವೆಗೆ ಬನ್ನಿ. 2024ರಲ್ಲಿ ರಾಮ್ಸಾರ್ ಪಟ್ಟಿಗೆ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರಿದೆ, ಅದಕ್ಕೂ ಮೊದಲು ಹಕ್ಕಿಗಳಿಗೆ ಗೊತ್ತಿತ್ತು. ನೀರು ಇಳಿದಾಗ ಹೆಂಗಸರು ಬಳಚು (ಚಿಪ್ಪು) ಹೆಕ್ಕಲು ಇಳಿಯುವ ಅದೇ ಕೆಸರಿನಲ್ಲಿ ಕರ್ಲ್ಯೂ, ವಿಂಬ್ರೆಲ್ ಕೊಕ್ಕು ಹಾಕುತ್ತಿರುತ್ತವೆ. ಇವು ಕಡಲ ಹಕ್ಕಿ ಅಲ್ಲ, ದಂಡೆಯ ಹಕ್ಕಿ, ಗೊತ್ತು. ಆದರೆ ಅಕ್ಟೋಬರ್‌ನಲ್ಲಿ ದೂರದ ಚುಕ್ಕೆ ಎಣಿಸಿ ಬೇಸರ ಆದವರಿಗೆ ಹತ್ತಿರದಲ್ಲಿ ಸಾವಿರ ಕಿಲೋಮೀಟರ್ ಹಾರಿಬಂದ ಹಕ್ಕಿ ಕಂಡರೆ ಬೇಡ ಅನ್ನುತ್ತೀರಾ? ಸ್ಯಾಂಡ್ ಪ್ಲವರ್‌ಗಳು ಆಗಸ್ಟ್‌ನಲ್ಲೇ ಬಂದುಬಿಡುತ್ತವೆ. ಆಗ ಬಂದರೆ ಕೆಲವಕ್ಕೆ ಎದೆಯ ಕೆಂಪು ಇನ್ನೂ ಹೋಗಿರುವುದಿಲ್ಲ. ಲೆಸ್ಸರ್ ಅಂತ ಇದ್ದದ್ದನ್ನು ಈಗ ಟಿಬೆಟನ್, ಸೈಬೀರಿಯನ್ ಅಂತ ಎರಡು ಮಾಡಿದ್ದಾರೆ, ನಮ್ಮಲ್ಲಿ ಬರುವುದು ಟಿಬೆಟನ್. ಹಳೆಯ ಪುಸ್ತಕ ಹಿಡಿದು ಬಂದರೆ ಗೊಂದಲ ಆಗುತ್ತದೆ.

ಹಾಗೆಯೇ ಮೇಲೆ ಗಲ್ ವಿಷಯ ಬಂದಿದೆ. ಕಂದು ತಲೆಯ ಗಲ್ ಮರಿ ಮಾಡುವುದು ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ, ಅಂದರೆ ಅದು ನಿಮ್ಮ ಮಾಗಡಿ ಕೆರೆಯ ಹೆಬ್ಬಾತಿನ ಊರಿನದೇ. ಒಂದೇ ಊರಿನಿಂದ ಹೊರಟು ಒಂದು ಕಡಲೆ ಹೊಲಕ್ಕೆ, ಇನ್ನೊಂದು ಕಡಲಿಗೆ! ಚಳಿಗಾಲದಲ್ಲಿ ತಲೆಯ ಕಂದು ಹೋಗಿರುತ್ತದೆ, ಕಣ್ಣಿನ ಹಿಂದೆ ಒಂದು ಚುಕ್ಕೆ ಮಾತ್ರ. ಹಾಗಾಗಿ ಕಪ್ಪು ತಲೆಯ ಗಲ್ ಜೊತೆ ಕೂತಾಗ ಗೊತ್ತಾಗುವುದಿಲ್ಲ. ಹಾರಿದಾಗ ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಕಿಟಕಿ ಇದ್ದರೆ ಕಂದು ತಲೆಯದು.

ಬೋಟ್ ಬೇಕೇ ಬೇಕು ಅನ್ನುವವರು ಮುರುಡೇಶ್ವರದಿಂದ ನೇತ್ರಾಣಿ ಕಡೆ ಹೋಗುವ ಡೈವಿಂಗ್ ಬೋಟಿನಲ್ಲಿ ಸುಮ್ನೆ ನೋಡುವವರಾಗಿ ಕೂರಬಹುದಾ ಅಂತ ಕೇಳಿ ನೋಡಿ. ದ್ವೀಪ ದಂಡೆಯಿಂದ ಸುಮಾರು 19 ಕಿಲೋಮೀಟರ್. ಬಿಳಿ ಹೊಟ್ಟೆಯ ಕಡಲ ಹದ್ದು ಅಲ್ಲಿ ಗೂಡು ಕಟ್ಟುತ್ತದೆ, ಅದು ವಲಸೆಯದಲ್ಲ, ವರ್ಷವಿಡೀ ಇರುತ್ತದೆ. ಹೋಗುವ ಬರುವ ದಾರಿಯಲ್ಲಿ ಕಣ್ಣು ಬಿಟ್ಟುಕೊಂಡಿದ್ದರೆ ಬ್ರೈಡಲ್ಡ್ ಟರ್ನ್ ಸಿಗಬಹುದು, ತೇಲುವ ಮರದ ದಿಮ್ಮಿ, ಥರ್ಮಾಕೋಲ್ ತುಂಡು ಕಂಡರೆ ಅದರ ಮೇಲೆ ನೋಡಿ. ನೀರಿನ ಮೇಲೆ ಬಾತಿನ ಮರಿಗಳ ಹಾಗೆ ಗುಂಪಾಗಿ ಗಿರಗಿರ ತಿರುಗುವ ಸಣ್ಣ ಹಕ್ಕಿ ಕಂಡರೆ ಫಲರೋಪ್, ಹಾಗೆ ತಿರುಗಿ ತಿರುಗಿ ಕೆಳಗಿನ ಹುಳಹುಪ್ಪಟೆ ಮೇಲೆ ಎಬ್ಬಿಸಿ ತಿನ್ನುತ್ತದೆ.

2019ರ ಅಕ್ಟೋಬರ್ ಕೊನೆಯಲ್ಲಿ ಕ್ಯಾರ್ ತೂಫಾನ್ ಬಂದಾಗ ಕಾರವಾರದಲ್ಲಿದ್ದೆ. ಹೊರ ಊರಿನ ಬೋಟುಗಳೆಲ್ಲ ಬಂದು ಕೊಲ್ಲಿಯೊಳಗೆ ನಿಂತಿದ್ದವು. ಹಕ್ಕಿಗಳೂ ಹಾಗೇ. ಟರ್ನ್‌ಗಳು ಹೆದ್ದಾರಿ ಪಕ್ಕದ ಮರಳಿನ ಮೇಲೆ, ಗಾಳಿಗೆ ಮುಖ ಕೊಟ್ಟು, ಒಂದೂ ಅಲುಗಾಡದೆ ಕೂತಿದ್ದವು.

ಸುರತ್ಕಲ್ ಸೊಸೆ

ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ. ಹೋದ ಜುಲೈಯಲ್ಲಿ ಜೋರು ಗಾಳಿ ಮಳೆಯ ಮರುದಿನ ನಮ್ಮ ಅಂಗಳದಲ್ಲಿ ಒಂದು ಹಕ್ಕಿ ಬಿದ್ದಿತ್ತು. ಬೆನ್ನು ಕಂದುಗಪ್ಪು, ಹೊಟ್ಟೆ ಬಿಳಿ, ಕಣ್ಣಿನ ಮೇಲೆ ಹುಬ್ಬಿನ ಹಾಗೆ ಬಿಳಿ ಗೆರೆ. ಮಾವ "ಕಡಲಿಂದು, ಕಡಲಿಗೇ ಬಿಡು" ಅಂತ ತೆಗೆದುಕೊಂಡು ಹೋಗಿ ಅಲೆಗೆ ಬಿಟ್ಟರು, ಅದು ವಾಪಸ್ ದಂಡೆಗೆ ಬಂದು ಬಿತ್ತು. ಏನು ಮಾಡಬೇಕಿತ್ತು?

ಕಾಪು ದೀಪ

ಅಕ್ಕಾ, ನೀವು ಹೇಳಿದ್ದು ಬ್ರೈಡಲ್ಡ್ ಟರ್ನ್ ಥರವೇ ಇದೆ. ಆ ಬಿಳಿ ಗೆರೆ ಕಣ್ಣು ದಾಟಿ ಹಿಂದಕ್ಕೆ ಹೋಗಿದ್ದರೆ ಅದೇ. ಮಳೆಗಾಲದ ಗಾಳಿ ಅವನ್ನು ಒಳಗೆ ತಳ್ಳುತ್ತದೆ, ದಿನಗಟ್ಟಲೆ ಊಟ ಇಲ್ಲದೆ ಸುಸ್ತಾಗಿ ಬೀಳುತ್ತವೆ. ಮಾವನವರದು ಒಳ್ಳೆ ಮನಸ್ಸೇ, ಆದರೆ ಸುಸ್ತಾದ ಹಕ್ಕಿಯನ್ನು ಅಲೆಗೆ ಬಿಟ್ಟರೆ ನೆನೆದು ಸಾಯುತ್ತದೆ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆ ಬಟ್ಟೆ ಹಾಕಿ, ಕತ್ತಲಲ್ಲಿ, ಬೆಕ್ಕು ಮಕ್ಕಳಿಂದ ದೂರ ಇಡಿ. ಬಾಯಿಗೆ ನೀರು ಹಾಕಬೇಡಿ, ಹಾಲು ಅನ್ನವಂತೂ ಬೇಡವೇ ಬೇಡ. ಮುಟ್ಟುವಾಗ ಕೈಗವಸು ಇರಲಿ. ತಕ್ಷಣ ಅರಣ್ಯ ಇಲಾಖೆಗೆ ಫೋನ್ ಮಾಡಿ. ಮನೆಯಲ್ಲಿ ಇಟ್ಟುಕೊಳ್ಳಲು ಕಾನೂನು ಬಿಡುವುದಿಲ್ಲ. ಕಾಲಿನಲ್ಲಿ ಉಂಗುರ ಇದ್ದರೆ ನಂಬರಿನ ಫೋಟೋ ತೆಗೆದು ಹಕ್ಕಿಗಳಿಗೆ ಉಂಗುರ ಹಾಕುವ ಮುಂಬೈಯ ಬಿಎನ್‌ಎಚ್‌ಎಸ್‌ ಸಂಸ್ಥೆಗೆ ಬರೆಯಿರಿ, ಸತ್ತ ಹಕ್ಕಿ ಆದರೂ ಪರವಾಗಿಲ್ಲ.

ಕೆರೆದಂಡೆ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಮತ್ತೆ ಹೋಗಿಬಂದೆ! ವಾಯುಭಾರ ಕುಸಿತದ ಸುದ್ದಿ ನೋಡಿದ ಕೂಡಲೇ ಆಫೀಸಿಗೆ ರಜೆ ಹಾಕಿದೆ, ಮನೆಯಲ್ಲಿ ಏನು ಅಂದರು ಅನ್ನುವುದು ಇಲ್ಲಿ ಬೇಡ.

ಮೊದಲ ದಿನ ಐದೂವರೆಗೆ ಮಲ್ಪೆ ಬಂದರಿಗೆ ಹೋದೆ. ಬೋಟ್ ಮನೆಯವರು ಹೇಳಿದ್ದು ಸರಿ, ಮೀನಿನ ಬುಟ್ಟಿ ಇಳಿಯುವ ಕಡೆ ಗರುಡ ಎಷ್ಟಿದ್ದವು ಅಂದರೆ ಎಣಿಸಲು ಆಗಲಿಲ್ಲ, ಅವುಗಳ ಮಧ್ಯೆ ಹನ್ನೊಂದು ಗಲ್. ಒಂಬತ್ತು ಕಂದು ತಲೆಯವು, ಬಿಳಿ ಕಿಟಕಿ ಕಂಡಿತು. ಉಳಿದ ಎರಡು ದೊಡ್ಡವು, ಬೆನ್ನು ಗಾಢ ಬೂದು, ಹ್ಯೂಗ್ಲಿನ್ಸ್ ಗಲ್ ಇರಬೇಕು.

ಎರಡನೇ ದಿನ ಕಾಪು ಬಂಡೆ, ಆರೂವರೆಯಿಂದ. ಮೋಡ, ಪಡು ಗಾಳಿ, ಮುಖಕ್ಕೆಲ್ಲ ಉಪ್ಪು. ಕನ್ನಡಕ ಹತ್ತು ನಿಮಿಷಕ್ಕೊಮ್ಮೆ ಒರೆಸಬೇಕಾಯಿತು. ಮೊದಲ ಮುಕ್ಕಾಲು ಗಂಟೆ ಏನೂ ಇಲ್ಲ, ಮತ್ತೆ ಮೋಸ ಹೋದೆ ಅಂದುಕೊಂಡೆ. ಏಳೂಕಾಲಿನಿಂದ ಟರ್ನ್ ಶುರುವಾಯಿತು ನೋಡಿ, ಎರಡು, ಮೂರು, ಏಳು, ಎಲ್ಲವೂ ತೆಂಕು ದಿಕ್ಕಿಗೆ, ನೀರಿಗೆ ತಾಗುವ ಹಾಗೆ. ಹದಿನೈದು ನಿಮಿಷಕ್ಕೊಂದು ಗೆರೆ ಹಾಕಿ ಎಣಿಸಿದೆ. ಹತ್ತು ಗಂಟೆಗೆ 143. ಕಿತ್ತಳೆ ಕೊಕ್ಕು 60ಕ್ಕೆ ಖಚಿತವಾಗಿ ಕಂಡಿತು, ಉಳಿದವು ದೂರ.

ಈಗ ಮುಖ್ಯ ವಿಷಯ. ಎಂಟೂಮುಕ್ಕಾಲಿಗೆ ಒಂದು ಕಂದುಗಪ್ಪು ಹಕ್ಕಿ ಎಲ್ಲಿಂದಲೋ ಬಂದು ಒಂದು ಟರ್ನ್ ಬೆನ್ನು ಹತ್ತಿತು. ಮೇಲೆ, ಕೆಳಗೆ, ಅಡ್ಡ, ಟರ್ನ್ ಎಲ್ಲಿ ತಿರುಗಿದರೆ ಇದೂ ಅಲ್ಲೇ. ಅರ್ಧ ನಿಮಿಷ ಇರಬಹುದು. ಟರ್ನ್ ಬಾಯಲ್ಲಿದ್ದ ಮೀನು ಬಿಟ್ಟಿತು, ಇದು ನೀರಿಗೆ ಬೀಳುವ ಮೊದಲೇ ಹಿಡಿದು ಹೊರಟೇ ಹೋಯಿತು. ನಾನು ಬಂಡೆಯ ಮೇಲೆ ಎದ್ದು ನಿಂತು ಕೂಗಿದೆ, ಗಾಳ ಹಾಕಿ ಕೂತಿದ್ದವರು ತಿರುಗಿ ನೋಡಿದರು. ಫೋಟೋ ಇಲ್ಲ, ಕ್ಯಾಮೆರಾ ಚೀಲದಲ್ಲೇ ಇತ್ತು. ಇದು ಪೊಮರೀನ್ ಜೇಗರ್ ಅಂತ ಹಾಕಬಹುದಾ?

ಕಾಪು ದೀಪ

ಅಭಿನಂದನೆ! ಆದರೆ ಸ್ವಲ್ಪ ನಿಧಾನ. ದೊಡ್ಡ ಗಲ್‌ಗಳ ಮೊದಲ ವರ್ಷದ ಮರಿಯೂ ಕಂದು ಬಣ್ಣದ್ದೇ, ಅದೂ ಟರ್ನ್ ಅಟ್ಟಿಸಿಕೊಂಡು ಹೋಗುತ್ತದೆ. ರೆಕ್ಕೆಯ ತುದಿಯ ಕಡೆ ಬಿಳಿ ಮಿಂಚು ಕಂಡಿತಾ? ಬಾಲದ ಬುಡ ಬಿಳಿ ಇದ್ದು ತುದಿಗೆ ಕಪ್ಪು ಪಟ್ಟಿ ಇತ್ತಾ? ಟರ್ನ್‌ಗಿಂತ ಎಷ್ಟು ದೊಡ್ಡದು?

ಕೆರೆದಂಡೆ

ಬಿಳಿ ಮಿಂಚು ಕಂಡಿತು, ಕೆಳಗಿನಿಂದ ಮತ್ತು ತಿರುಗುವಾಗ ಮೇಲಿನಿಂದಲೂ, ಅದು ಖಾತ್ರಿ. ಬಾಲದಲ್ಲಿ ಪಟ್ಟಿ ಕಾಣಲಿಲ್ಲ. ಟರ್ನ್‌ಗಿಂತ ಮೈ ತುಂಬಿಕೊಂಡಿತ್ತು, ಆದರೆ ಗರುಡನಷ್ಟು ಇಲ್ಲ. ಹಾರುವುದು ಡೇಗೆಯ ಥರ ಚೂಪಾಗಿತ್ತು.

ಕಾಪು ದೀಪ

ಹಾಗಾದರೆ ಜೇಗರ್ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಪೊಮರೀನ್ ಅಂತ ಮಾತ್ರ ಹಾಕಬೇಡಿ, ಅದು ಎದೆ ಭಾರದ ಹಕ್ಕಿ. ನೀವು ಹೇಳುವ ಡೇಗೆಯಂಥ ಹಾರಾಟ, ಟರ್ನ್ ಬೆನ್ನು ಬಿಡದ ಹಟ, ದಂಡೆಗೆ ಇಷ್ಟು ಹತ್ತಿರ ಬಂದದ್ದು, ಇದೆಲ್ಲ ಪ್ಯಾರಾಸಿಟಿಕ್ ಕಡೆಗೇ ವಾಲುತ್ತದೆ. ಆದರೂ ಬಾಲದ ನಡುವಿನ ಗರಿ ಕಾಣದೆ, ಫೋಟೋ ಇಲ್ಲದೆ ಅದನ್ನೂ ಹಾಕಬೇಡಿ. ಹಕ್ಕಿ ದಾಖಲಿಸುವ ತಾಣ ಇಬರ್ಡ್‌ನಲ್ಲಿ ಯಾವುದೋ ಒಂದು ಜೇಗರ್ ಅಂತ ಹಾಕುವ ಆಯ್ಕೆ ಉಂಟು, ಅದನ್ನು ಒತ್ತಿ, ಇಲ್ಲಿ ಬರೆದದ್ದನ್ನೇ ಟಿಪ್ಪಣಿಯಲ್ಲಿ ಬರೆಯಿರಿ. ನನ್ನ ಮೊದಲ ನಾಲ್ಕು ಜೇಗರ್‌ಗಳಲ್ಲಿ ಮೂರಕ್ಕೆ ಇವತ್ತಿಗೂ ಹೆಸರಿಲ್ಲ.

ಬೋಟ್ ಮನೆ

ಆ ಕಳ್ಳ ಹಕ್ಕಿಯಾ? ಅದನ್ನು ನಾವು ಹೊರಗೆ ಬೇಕಾದಷ್ಟು ನೋಡುತ್ತೇವೆ. ಅದಕ್ಕೊಂದು ಹೆಸರು ಇದೆ ಅಂತ ಇವತ್ತೇ ಗೊತ್ತಾಗಿದ್ದು.

ಕೆರೆದಂಡೆ

ಹೆಸರಿಲ್ಲದ ಜೇಗರ್ ಅಂತಲೇ ಹಾಕಿದೆ ಸಾರ್. ನವೆಂಬರ್ ಮೂರನೇ ವಾರ ಅಘನಾಶಿನಿ, ಟಿಕೆಟ್ ಆಗಿದೆ, ಈ ಸಲ ಮನೆಯವರೂ ಬರುತ್ತಾರೆ. ಕಗ್ಗದ ಗದ್ದೆಯವರೇ, ಭರತದ ಹೊತ್ತು ನೋಡಿ ಒಂದು ಮಾತು ಹೇಳಿ. ಹಾಗೇ ಕಗ್ಗದ ಅಕ್ಕಿ (ಉಪ್ಪು ನೀರಿನ ಗದ್ದೆಯಲ್ಲಿ ಬೆಳೆಯುವುದು) ಕುಮಟಾದಲ್ಲಿ ಎಲ್ಲಿ ಸಿಗುತ್ತದೆ ಅಂತಲೂ ತಿಳಿಸಿ, ಅದನ್ನು ತರಿಸಿಕೊಡುತ್ತೇನೆ ಅಂದ ಮೇಲೆಯೇ ಅವರು ಒಪ್ಪಿದ್ದು.